ಮುನೇಶನ ಫೈಲು

ಸಿಂಗಾಪುರ
8 ಜುಲೈ 2024

ಸುಬ್ಬಲಕ್ಷ್ಮಮ್ಮ ಅತ್ತೆಯವರಿಗೆ ನಯನಾಳ ನಮಸ್ಕಾರ.

ಯಾವ ನಯನಾ ಅಂತ ನಿಮಗೆ ಅನ್ನಿಸಬಹುದು. ನಿಮ್ಮ ತಮ್ಮ ಮುನಿಗಂಗಪ್ಪನವರ ಮಗಳು. ನೀವು ಕೊನೆಗೆ ನೋಡಿದಾಗ ನನಗೆ ನಾಲ್ಕು ವರ್ಷ, ಈಗ ಮೂವತ್ತು. ಯಲಹಂಕದ ಒಂದು ಸ್ಕೂಲಿನಲ್ಲಿ ಗಣಿತದ ಟೀಚರ್. ಮದುವೆಯಾಗಿ ಮೂರು ವರ್ಷವಾಯಿತು, ಗಂಡನ ಹೆಸರು ಶರತ್. ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರದಲ್ಲಿ, ಅಪ್ಪನ ಮನೆಯ ಮೇಲಿನ ಮಹಡಿಯಲ್ಲೇ ಇದ್ದೀವಿ. ಈಗ ನನಗೆ ಐದು ತಿಂಗಳು.

ಹೋದ ವಾರ ಫೋನ್ ಮಾಡಿದ್ದೆ. ಶಿಲ್ಪಕ್ಕ ಎತ್ತಿದರು. 'ನಿಮ್ಮ ಮನೆಯವರ ಜೊತೆ ಅಮ್ಮ ಫೋನಿನಲ್ಲಿ ಮಾತಾಡಲ್ಲ, ಕಾಗದ ಬರೆದರೆ ಓದುತ್ತಾರೆ' ಅಂದರು. ಅದಕ್ಕೇ ಬರೆಯುತ್ತಿದ್ದೀನಿ.

ಹೆಬ್ಬಾಳದ ಆಸ್ಪತ್ರೆಯಲ್ಲಿ ನನಗೊಂದು ಫಾರಂ ತುಂಬಿಸಿದರು. ಮನೆಯಲ್ಲಿ ಯಾರಿಗಾದರೂ ಅನಸ್ತೇಶಿಯಾದಿಂದ ತೊಂದರೆ ಆಗಿತ್ತಾ ಅಂತ ಅದರಲ್ಲಿ ಒಂದು ಪ್ರಶ್ನೆ. ಇಲ್ಲ ಅಂತ ಟಿಕ್ ಹಾಕಿ, ಆಮೇಲೆ ಹೊಡೆದುಹಾಕಿ ಬರೆದೆ: 'ಸೋದರತ್ತೆಯ ಮಗ, ಹದಿಮೂರು ವರ್ಷ, ಕೈ ಮೂಳೆ ಆಪರೇಷನ್‌ನಲ್ಲಿ ತೀರಿಕೊಂಡ.' ಡಾಕ್ಟರು ಅದನ್ನು ಎರಡು ಸಲ ಓದಿ ನನ್ನನ್ನು ಅನಸ್ತೇಶಿಯಾ ಕೊಡುವ ಡಾಕ್ಟರ್ ಅಸ್ಮಾ ಅವರ ಹತ್ತಿರ ಕಳಿಸಿದರು.

ಅವರು ಒಂದೊಂದಾಗಿ ಕೇಳಿದರು. ಆ ಹುಡುಗನಿಗೆ ಮತ್ತು ಬರಿಸಿದ ಮೇಲೆ ಮೈ ಸುಡೋಕೆ ಶುರುವಾಯಿತಾ? ದವಡೆ ಕಚ್ಚಿಕೊಂಡಿತ್ತಾ? ಮೈ ಬಿಗಿದಿತ್ತಾ? ನನಗೆ ಯಾವುದೂ ಗೊತ್ತಿಲ್ಲ. ಮನೆಗೆ ಬಂದು ಅಪ್ಪನನ್ನು ಕೇಳಿದೆ. ಊಟಕ್ಕೆ ಕೂತಿದ್ದವರು ಅರ್ಧಕ್ಕೇ ಎದ್ದು ಕೈ ತೊಳೆದುಕೊಂಡರು. ಇನ್ನು ಕೇಳಬೇಡ ಅಂತ ಅಮ್ಮ ಕಣ್ಣಲ್ಲೇ ಹೇಳಿದರು.

ಕೆಲವು ಮನೆತನಗಳವರ ಮೈಗೆ ಮತ್ತು ಬರಿಸುವ ಒಂದು ಜಾತಿಯ ಗ್ಯಾಸು, ಅದರ ಜೊತೆ ಕೊಡುವ ಒಂದು ಇಂಜೆಕ್ಷನ್ನು ಆಗುವುದೇ ಇಲ್ಲವಂತೆ. ಅದು ಒಳಗೆ ಹೋದರೆ ಮಾಂಸಖಂಡಗಳೆಲ್ಲ ಬಿಗಿದು ಮೈ ಬೆಂಕಿಯಾಗುತ್ತದಂತೆ. ಉಳಿದಂತೆ ಅವರು ಎಲ್ಲರ ಹಾಗೇ ಗಟ್ಟಿಯಾಗಿ ಬದುಕುತ್ತಾರೆ, ಆಪರೇಷನ್ ಆಗುವವರೆಗೆ ಯಾರಿಗೂ ತಿಳಿಯಲ್ಲ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುತ್ತದೆ. ಮುನೇಶಣ್ಣನಿಗೆ ಆಗಿದ್ದು ಅದೇ ಆಗಿದ್ದರೆ ನನಗೂ ಇರಬಹುದು. ಮುಂಚೆಯೇ ಗೊತ್ತಾದರೆ ನಮ್ಮ ಕೆಲಸ ಅರ್ಧ ಮುಗಿದ ಹಾಗೆ ಅಂದರು ಡಾಕ್ಟರ್ ಅಸ್ಮಾ.

ಆವತ್ತಿನ ಒಂದು ಕಾಗದ, ಒಂದೇ ಸಾಲು ಇದ್ದರೂ ಸಾಕು. ಇಲ್ಲದಿದ್ದರೆ ನೀವು ಕಂಡದ್ದನ್ನು ಬರೆದು ತಿಳಿಸಿ. ಕೇಳಬಾರದ್ದನ್ನು ಕೇಳುತ್ತಿದ್ದೀನಿ ಅಂತ ಗೊತ್ತು. ಆದರೂ ಕೇಳದೆ ಇರೋಕೆ ಆಗಲ್ಲ.

ನಿಮ್ಮ ಉತ್ತರ ಕಾಯುವ,
ನಯನಾ

•

ಸೋಲದೇವನಹಳ್ಳಿ
27 ಜುಲೈ 2024

ನಯನಾಗೆ,

ಕಾಗ್ದ ಬಂತು. ನೀನು ಬಸುರಿ ಅಂತ ತಿಳೀತು, ಒಳ್ಳೇದಾಗ್ಲಿ.

ನನ್ನ ಕೇಳೋದ್ಯಾಕೆ? ನಿಮ್ಮಪ್ಪನ್ನ ಕೇಳು. ಕಬಡ್ಡಿ ಆಡಕ್ಕೋಗಿ ಕೈ ಮುರ್ಕೊಂಡ ಹುಡುಗನಿಗೆ ಪುತ್ತೂರು ಕಟ್ಟು ಹಾಕ್ಸಾನ ಅಂದಿದ್ದೆ ನಾನು. ಆಸ್ಪತ್ರೆಗೇ ಓಗ್ಬೇಕು ಅಂತ ಹಟ ಮಾಡಿ ಯಶವಂತಪುರದ ನರ್ಸಿಂಗ್ ಹೋಮ್‌ಗೆ ಕರ್ಕೊಂಡೋಗಿದ್ದು ನಿಮ್ಮಪ್ಪ. ಆಗ ನಿಮ್ಮ ಮಾವ ತೀರ್ಕೊಂಡು ವರ್ಸ ಆಗಿತ್ತು, ಸೈನ್ ಹಾಕಿದ್ದೂ ನಿಮ್ಮಪ್ಪನೇ. ಒಳಗಡೆ ಏನೋ ಎಡವಟ್ಟಾಗದೆ ಅಂತ ಗೊತ್ತಾಗ್ತಿದ್ದಂಗೆ ಹಿಂದಿನ ಬಾಗಿಲಲ್ಲಿ ಓಡೋಗಿದ್ದೂ ಅವನೇ. ನಾನು ಕಣ್ಣಾರೆ ಕಂಡಿದೀನಿ. ನನ್ನ ಮಗ ಸಾಯೋವಾಗ ನಾನು ಒಬ್ಳೇ ಬೆಂಚಿನ ಮೇಲೆ ಕೂತಿದ್ದೆ.

ಮೈ ಸುಡ್ತಿತ್ತಾ ಅಂತ ಕೇಳಿದೀಯ. ಉಸಿರು ನಿಂತು ಎಷ್ಟೋ ಹೊತ್ತಾದ ಮೇಲೆ ನನ್ನ ಕೈಗೆ ಕೊಟ್ರು. ಆಗ್ಲೂ ಬೆಚ್ಚಗಿದ್ದ. ಇನ್ನೇನೂ ಗೊತ್ತಿಲ್ಲ.

ಕಾಗ್ದ ಪತ್ರ ಎಲ್ಲೈತೋ ಏನೋ.

ಸುಬ್ಬಲಕ್ಷ್ಮಮ್ಮ

•

ಸಿಂಗಾಪುರ
4 ಆಗಸ್ಟ್ 2024

ಅತ್ತೆ, ನಮಸ್ಕಾರ.

ಬೆಚ್ಚಗಿದ್ದ ಅಂತ ನೀವು ಬರೆದ ಒಂದು ಸಾಲು ಹಿಡಿದುಕೊಂಡು ಮಾರನೇ ದಿನವೇ ಡಾಕ್ಟರ್ ಅಸ್ಮಾ ಹತ್ತಿರ ಹೋದೆ. ಅವರು ಕನ್ನಡದಲ್ಲೇ ಓದಿ, ಪತ್ರ ಮಡಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೀನಿ: "ಆ ತಾಯಿಗೆ ತಿಳಿಸಿ, ಹುಡುಗನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದು ತಪ್ಪಲ್ಲ. ಇದು ಅದೇ ಕಾಯಿಲೆ ಆಗಿದ್ರೆ ಅವತ್ತಿನ ಡಾಕ್ಟರದ್ದೂ ತಪ್ಪಲ್ಲ. ಅವರ ಹತ್ರ ಇದಕ್ಕೆ ಮದ್ದಿರಲಿಲ್ಲ."

ಮದ್ದು ಈಗ ಇದೆ. ಎಲ್ಲ ಕಡೆ ಇಟ್ಟಿರುವುದಿಲ್ಲ, ನನಗೋಸ್ಕರ ತರಿಸಿ ಇಡುತ್ತಾರಂತೆ. ಆದರೆ ಅದರ ಅಗತ್ಯವೇ ಬೀಳದ ಹಾಗೆ ನೋಡಿಕೊಳ್ಳುವುದು ಅವರ ಲೆಕ್ಕ. ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೆಯಲ್ಲ, ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸುವುದು, ಅದು ಬೇರೆ ಜಾತಿಯ ಔಷಧ. ನಮ್ಮಂಥವರಿಗೂ ಅದು ಕಾಯಿಲೆ ಕೆರಳಿಸುವುದಿಲ್ಲ. ಹೆರಿಗೆ ನೋವು ಶುರುವಾದ ಕೂಡಲೇ ಬೆನ್ನಿನಲ್ಲಿ ಒಂದು ಸಣ್ಣ ನಳಿಕೆ ಇಟ್ಟುಬಿಡುತ್ತಾರೆ. ಸಿಸೇರಿಯನ್ ಮಾಡಬೇಕಾಗಿ ಬಂದರೂ ಅದೇ ನಳಿಕೆಯಲ್ಲಿ ಔಷಧ ಹೆಚ್ಚಿಸಿದರೆ ಆಯಿತು. ಗ್ಯಾಸಿನ ಮಾತೇ ಬರಲ್ಲ.

ನನಗೆ ಹೆದರಿಕೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ದಾರಿ ಗೊತ್ತಾದ ಮೇಲೆ ಅರ್ಧ ಹೆದರಿಕೆ ಹೋಗಿದೆ. ಉಳಿದ ಅರ್ಧ ಆ ಕಾಗದ ಕೈಗೆ ಬಂದರೆ ಹೋಗುತ್ತದೆ. ಯಾವ ಜೀನ್ ಹುಡುಕಬೇಕು, ಯಾರ ರಕ್ತ ಮೊದಲು ನೋಡಬೇಕು ಅಂತ ಅವರಿಗೆ ತೀರ್ಮಾನ ಮಾಡೋಕೆ ಆಗುತ್ತದೆ.

ಅಪ್ಪ ಓಡಿಹೋದರು ಅಂತ ಬರೆದಿದ್ದೀರಿ. ನಾನು ಅಪ್ಪನ ಪರವಾಗಿ ಏನೂ ಹೇಳಲ್ಲ. ನನಗೆ ಗೊತ್ತಿಲ್ಲ.

ಇನ್ನೊಂದು ಸಲ ಹುಡುಕಿ ಅತ್ತೆ.

ನಯನಾ

•

ಸೋಲದೇವನಹಳ್ಳಿ
25 ಆಗಸ್ಟ್ 2024

ನಯನಾ,

ಕಾಗ್ದ ಎಲ್ಲೈತೋ ಅಂತ ಬರೆದಿದ್ದೆನಲ್ಲ, ಸುಳ್ಳು. ಟ್ರಂಕಲ್ಲಿ ಅವನ ಸ್ಕೂಲ್ ಷರ್ಟಿನ ಕೆಳಗೇ ಇತ್ತು. ಯಾವತ್ತೂ ಬಿಚ್ಚಿ ನೋಡಿರ್ಲಿಲ್ಲ. ಎಲ್ಲಾ ಇಂಗ್ಲೀಸು. ಶಿಲ್ಪ ಕೇಳಿದಾಗ್ಲೂ ಕೊಡ್ಲಿಲ್ಲ.

ಮನೆ ಮೇಲ್ಗಡೆ ಬಾಡಿಗೆ ರೂಮು ಕಟ್ಟಿ ಪಿ.ಜಿ. ಮಾಡಿ ಒಂಬತ್ತು ವರ್ಸ ಆಯ್ತು. ಎಲ್ಲಾ ನರ್ಸಿಂಗ್ ಓದೋ ಹುಡ್ಗೀರು. ದಿನಾ ನನ್ನ ಮುಂದೇನೇ ಬಿಳಿ ಕೋಟು ತಗುಲಾಕ್ಕೊಂಡು ಓಗ್ತಾರೆ. ಒಬ್ಳನ್ನೂ ಕರ್ದು ಇದೇನು ಬರ್ದದೆ ನೋಡಮ್ಮ ಅಂತ ಕೇಳಿರ್ಲಿಲ್ಲ. ಹೋದ ಭಾನುವಾರ ಲೈಬಾನ ಕರ್ದೆ. ಬೀದರ್ ಕಡೇ ಹುಡುಗಿ, ಮೂರನೇ ವರ್ಸ. ನನ್ನ ಪಕ್ಕ ಚಾಪೆ ಮೇಲೆ ಕೂತ್ಕೊಂಡು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದ್ಲು.

ಒಂಬತ್ತು ಐವತ್ತಕ್ಕೆ ಮತ್ತು ಕೊಟ್ರಂತೆ. ದವಡೆ ಬಿಗೀತಂತೆ, ಬಾಯಿ ತೆರೆಯಕ್ಕೇ ಆಗ್ಲಿಲ್ವಂತೆ. ಹತ್ತು ಇಪ್ಪತ್ತಕ್ಕೆ ನೂರೈದು ಡಿಗ್ರಿ ಜ್ವರ. ಆಮೇಲೆ ಅದಕ್ಕಿಂತ ಜಾಸ್ತಿ. ನಿಮ್ಮ ಡಾಕ್ಟ್ರು ಕೇಳಿದ್ದೆಲ್ಲ ಅದ್ರಲ್ಲಿ ಐತೆ.

ಅಷ್ಟೊತ್ತಿಗೆ ಆ ಹುಡುಗಿ ನಿಲ್ಸಿ ನನ್ನ ಮುಖ ನೋಡಿದ್ಲು. "ಆಂಟಿ, ಹುಡುಗನ ಮಾವ ಅಂದ್ರೆ ಯಾರು?" ಅಂದ್ಲು. ನನ್ನ ತಮ್ಮ ಅಂದೆ. ಓದಿದ್ಲು. ಹತ್ತೂವರೆಗೆ ಮಾವನ್ನ ಐಸ್ ತರಕ್ಕೆ ಕಳಿಸ್ದೋ. ಹನ್ನೊಂದು ಐದಕ್ಕೆ ಐಸ್ ಬಂತು. ಕೈ ಸಾಲದೆ ಮಾವನ್ನೂ ಒಳಕ್ಕೆ ತಗೊಂಡೋ, ಹುಡುಗನ ಮೈಗೆ ಐಸ್ ಇಟ್ಟ. ಹನ್ನೆರಡೂ ಕಾಲಿಗೆ ಪ್ರಾಣ ಓಯ್ತು.

ಹನ್ನೊಂದು ಐದರಿಂದ ಹನ್ನೆರಡೂ ಕಾಲು. ನೀನು ಲೆಕ್ಕದ ಮೇಡಂ, ನಾನೂ ಬೆರಳಲ್ಲಿ ಎಣಿಸ್ದೆ. ಒಂದು ಗಂಟೆ ಹತ್ತು ನಿಮಿಷ ನಿಮ್ಮಪ್ಪ ನನ್ನ ಮಗನ ಪಕ್ಕದಲ್ಲಿದ್ದ.

ಐಸ್ ತಗೊಂಡು ಹಿಂದಿನ ಬಾಗಿಲಲ್ಲೇ ಒಳಕ್ಕೆ ಬಂದಿರ್ಬೇಕು, ನಾನು ನೋಡ್ಲಿಲ್ಲ. ಅವತ್ತು ಎಲ್ಲಾ ಮುಗಿದು ನನ್ನ ಮುಂದೆ ಬಂದಾಗ ಅವನ ಷರ್ಟು ಎದೆವರ್ಗೂ ನೆಂದಿತ್ತು. ಮಳೆ ಇರ್ಲಿಲ್ಲ. ಅದೆಲ್ಲೋ ತಪ್ಪಿಸ್ಕೊಂಡೋಗಿ ಮುಖ ತೊಳ್ಕೊಂಡು ಬಂದವ್ನೆ ಅಂದ್ಕೊಂಡೆ. ಯಾಕೆ ನೆಂದದೆ ಅಂತ ಕೇಳ್ಲಿಲ್ಲ. ನಿನ್ನ ಮುಖ ತೋರಿಸ್ಬೇಡ ಅಂದೆ. ಇಪ್ಪತ್ತಾರು ವರ್ಸ ಅವನು ತೋರಿಸ್ಲಿಲ್ಲ.

ಲೈಬಾನೇ ಓಗಿ ಜೆರಾಕ್ಸ್ ಮಾಡಿಸ್ಕೊಂಡು ಬಂದ್ಲು. ಇದ್ರಲ್ಲಿ ಮಡಚಿ ಇಟ್ಟಿದೀನಿ. ನಿಮ್ಮ ಡಾಕ್ಟ್ರಿಗೆ ಕೊಡು.

ಅವನು ನಂಗ್ಯಾಕೆ ಹೇಳ್ಲಿಲ್ಲ?

ನಿಮ್ಮತ್ತೆ
ಸುಬ್ಬಲಕ್ಷ್ಮಮ್ಮ

•

ಸಿಂಗಾಪುರ
20 ಅಕ್ಟೋಬರ್ 2024

ಪ್ರೀತಿಯ ಅತ್ತೆ,

ನಿಮ್ಮ ಪತ್ರಕ್ಕೆ ಎಂಟು ವಾರ ಉತ್ತರ ಬರೆಯದೆ ಇದ್ದಿದ್ದಕ್ಕೆ ಕ್ಷಮಿಸಿ. ರಿಸಲ್ಟ್ ಬರಲಿ, ಎಲ್ಲ ಒಟ್ಟಿಗೆ ಬರೆಯೋಣ ಅಂತ ಕಾದೆ. ಮೊನ್ನೆ ಬಂತು.

ಜೆರಾಕ್ಸನ್ನು ಮೊದಲು ಅಪ್ಪನಿಗೆ ಕೊಟ್ಟೆ. ಅಪ್ಪ ಮುಂಬಾಗಿಲ ಹತ್ತಿರ ನಿಂತೇ ಓದಿದರು. ಇಂಗ್ಲಿಷ್ ನಿಧಾನ, ಬೆರಳಿಟ್ಟುಕೊಂಡು ಓದುತ್ತಾರೆ. ಐಸಿನ ಸಾಲು ಬಂದಾಗ ಬೆರಳು ಅಲ್ಲೇ ನಿಂತುಹೋಯಿತು. ಈ ಪೇಪರು ಅಕ್ಕನ ಹತ್ತಿರಾನೇ ಇತ್ತಾ ಅಂತ ಕೇಳಿದರು. ಹೂಂ ಅಂದೆ. ನೀವು ಕೇಳಿದ ಪ್ರಶ್ನೆಯನ್ನು ನಾನೂ ಕೇಳಿದೆ: ಅತ್ತೆಗೆ ಯಾಕೆ ಹೇಳಲಿಲ್ಲ?

ಅಪ್ಪ ಹೇಳಿದ್ದು ಇಷ್ಟೇ. "ನಾನು ಒಳಗಿದ್ದೆ ಅಂದಿದ್ರೆ ಕೊನೇಲಿ ಹೆಂಗಿದ್ದ ಅಂತ ಕೇಳ್ತಿದ್ಲು. ಅವನ ಮೈ ಹೆಂಗೆ ಸುಡ್ತಿತ್ತು ಅಂತ ಯಾವ ಬಾಯಲ್ಲಿ ಹೇಳ್ಲಿ? ಅದನ್ನ ಹೊತ್ಕೊಂಡು ಬದುಕೋದಕ್ಕಿಂತ ನನ್ನ ಮೇಲೆ ಸಿಟ್ಟಾಗಿರ್ಲಿ ಅಂದ್ಕೊಂಡೆ."

ಮಾರನೇ ದಿನ ಯಾರೂ ಕರೆಯದೆ ತಾವೇ ಹೆಬ್ಬಾಳಕ್ಕೆ ಬಂದು, ನನಗಿಂತ ಮುಂಚೆ ಸರದಿಯಲ್ಲಿ ನಿಂತು ರಕ್ತ ಕೊಟ್ಟರು.

ರಿಸಲ್ಟ್ ಹೇಳುತ್ತೀನಿ. ಅಪ್ಪನಿಗೆ ಇದೆ. ನನಗೂ ಇದೆ. ಮುನೇಶಣ್ಣನಿಗೆ ಆಗಿದ್ದು ಅದೇ ಅಂತ ಡಾಕ್ಟರ್ ಅಸ್ಮಾ ಫೈಲು ನೋಡಿಯೇ ಹೇಳಿದ್ದರು, ಈಗ ರಕ್ತವೂ ಅದನ್ನೇ ಹೇಳುತ್ತಿದೆ. ಹೆಸರು ಮಲಿಗ್ನೆಂಟ್ ಹೈಪರ್‌ಥರ್ಮಿಯಾ. ಹೆಸರು ಕೇಳಿದರೆ ಏನೋ ದೊಡ್ಡ ರಾಕ್ಷಸನ ಹಾಗಿದೆ, ಆದರೆ ಅದನ್ನು ಎಬ್ಬಿಸುವುದು ಆ ಗ್ಯಾಸು ಮತ್ತು ಆ ಒಂದು ಇಂಜೆಕ್ಷನ್. ಎರಡನ್ನೂ ದೂರ ಇಡಬೇಕು. ನನ್ನ ಫೈಲಿನ ಮೇಲೆ ಕೆಂಪು ಚೀಟಿ ಅಂಟಿಸಿದ್ದಾರೆ. ಹೆರಿಗೆಗೆ ಅಂತ ಒಂದು ಆಪರೇಷನ್ ಥಿಯೇಟರಿನ ಮತ್ತು ಕೊಡುವ ಯಂತ್ರದಿಂದ ಗ್ಯಾಸಿನ ಬಾಟಲಿ ತೆಗೆದು, ಅದರೊಳಗೆ ಉಳಿದಿದ್ದೂ ಹೋಗುವ ಹಾಗೆ ಬರೀ ಆಕ್ಸಿಜನ್ ಹರಿಸಿ ಸ್ವಚ್ಛ ಮಾಡಿಡುತ್ತಾರೆ. ಮದ್ದೂ ಬಂದಿದೆ. ನನ್ನ ಕೈಗೇ ಕೊಟ್ಟು ತೋರಿಸಿದರು.

ಈಗ ನಿಮಗೂ ಶಿಲ್ಪಕ್ಕನಿಗೂ ರಕ್ತ ಪರೀಕ್ಷೆ ಆಗಬೇಕು. ಮುಂದೆ ಯಾವತ್ತಾದರೂ ಆಪರೇಷನ್ ಅಂದರೆ ಮೊದಲು ಇದನ್ನು ಹೇಳಬೇಕು. ದಯವಿಟ್ಟು ಬನ್ನಿ.

ನಿಮ್ಮ
ನಯನಾ

•

ಸೋಲದೇವನಹಳ್ಳಿ
30 ಅಕ್ಟೋಬರ್ 2024

ನಯನಾ,

ನಿಮ್ಮಪ್ಪನಿಗೆ ಐತೆ ಅಂದ್ರೆ ಅವನ ಅಕ್ಕ ನನಗೂ ಐತೆ. ನಂಗಿದ್ರಿಂದ ಮುನೇಶನಿಗೆ ಬಂತು. ಇಪ್ಪತ್ತಾರು ವರ್ಸ ತಮ್ಮನ್ನ ಬೈದೆ, ಡಾಕ್ಟ್ರನ್ನ ಬೈದೆ. ಕೊಟ್ಟಿದ್ದು ನಾನೇನಾ?

ಎರಡು ದಿನ ಒಲೆ ಹಚ್ಲಿಲ್ಲ. ಲೈಬಾನೇ ಕೆಳಗೆ ಬಂದು ಅನ್ನ ಮಾಡಿಟ್ಲು.

ಇನ್ನೊಂದು. ಆ ಒಂದು ಗಂಟೇಲಿ ಏನಾಯ್ತು ಅಂತ ನಿಮ್ಮಪ್ಪನ್ನ ಕೇಳು. ನಾನೀಗ ಕೇಳ್ತೀನಿ. ಕೇಳೋ ಶಕ್ತಿ ಐತೆ ಅಂತ ಹೇಳು.

ಅತ್ತೆ

•

ಸಿಂಗಾಪುರ
6 ನವೆಂಬರ್ 2024

ಅತ್ತೆ,

ನಿಮ್ಮಿಂದ ಬಂದಿರಬಹುದು. ನಿಮಗೆ ತಾತನಿಂದಲೋ ಅಜ್ಜಿಯಿಂದಲೋ ಬಂತು. ಅವರಿಗೆ ಅವರ ಅಪ್ಪ ಅಮ್ಮನಿಂದ. ಯಾರೂ ನೋಡಿ ಕೊಟ್ಟಿದ್ದಲ್ಲ. ನನ್ನ ಹೊಟ್ಟೆಯಲ್ಲಿರುವ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ ಇದೆ, ನಾಣ್ಯ ಚಿಮ್ಮಿದ ಹಾಗೆ. ಬಂದರೆ ನಾನು ಕೊಟ್ಟೆ ಅಂತ ನೀವು ನನ್ನನ್ನು ಬೈಯುತ್ತೀರಾ? ಇಲ್ಲ ತಾನೇ. ಹಾಗೇ ನಿಮ್ಮನ್ನೂ ಬೈದುಕೊಳ್ಳಬೇಡಿ.

ನಿಮ್ಮ ಫೈಲು ಇಲ್ಲದೇ ಹೋಗಿದ್ದರೆ ನಾನು ಏನೂ ಗೊತ್ತಿಲ್ಲದೆ ಆಪರೇಷನ್ ಟೇಬಲ್ ಮೇಲೆ ಹೋಗಿ ಮಲಗುತ್ತಿದ್ದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಅಪ್ಪನಿಗೆ ನಿಮ್ಮ ಮಾತು ಹೇಳಿದೆ. ಅದನ್ನ ನಿನ್ನ ಕೈಲಿ ಹೇಳಿಕಳಿಸೋದಲ್ಲ ಅಂದರು. ಅಷ್ಟೇ.

ಇನ್ನು ಎರಡು ಮೂರು ವಾರ. ಬ್ಯಾಗು ಜೋಡಿಸಿ ಬಾಗಿಲ ಹತ್ತಿರ ಇಟ್ಟಿದ್ದೀನಿ.

ನಯನಾ

•

ಸಿಂಗಾಪುರ
30 ನವೆಂಬರ್ 2024

ಅತ್ತೆ, ಹೆಣ್ಣು ಮಗು.

ಶರತ್ ಫೋನ್ ಮಾಡಿದಾಗ ನೀವೇ ಎತ್ತಿ ಮಾತಾಡಿದಿರಂತೆ. ನನಗೆ ಅದು ಎರಡನೇ ಖುಷಿ. ಮಗು ಮಲಗಿರುವಾಗ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೀನಿ.

ಇಪ್ಪತ್ತೊಂದನೇ ತಾರೀಕು ಬೆಳಿಗ್ಗೆ ಆರು ಗಂಟೆಗೆ ನೀರು ಹೋಯಿತು. ಎಂಟು ಗಂಟೆಗೆಲ್ಲ ಡಾಕ್ಟರ್ ಅಸ್ಮಾ ನನ್ನನ್ನು ದಿಂಬು ತಬ್ಬಿಕೊಂಡು ಬೆನ್ನು ಬಗ್ಗಿಸಿ ಕೂರಿಸಿದ್ದರು. ಸೂಜಿ ಚುಚ್ಚಿದ್ದು ಇರುವೆ ಕಚ್ಚಿದಷ್ಟು, ಆಮೇಲೆ ಏನೋ ಒತ್ತಿದ ಹಾಗೆ. ಅರ್ಧ ಗಂಟೆಯಲ್ಲಿ ನೋವು ಇಳಿದು ಕಾಲು ಭಾರವಾಯಿತು. ಮಧ್ಯಾಹ್ನದವರೆಗೆ ಶರತ್ ಜೊತೆ ಹರಟೆ ಹೊಡೆದೆ.

ಎರಡೂವರೆಗೆ ಮಗುವಿನ ಎದೆಬಡಿತ ಬೀಳೋಕೆ ಶುರುವಾಯಿತು. ಒಂದೇ ನಿಮಿಷದಲ್ಲಿ ರೂಮಿನ ತುಂಬ ಜನ. ಸಿಸೇರಿಯನ್ ಅಂದರು. ಓಡಿಸಿಕೊಂಡು ಥಿಯೇಟರಿಗೆ ಹೋಗುವಾಗ, ನನ್ನ ವಿಷಯ ಗೊತ್ತಿಲ್ಲದ ಒಬ್ಬ ಡ್ಯೂಟಿ ಡಾಕ್ಟರು ಟೈಮಿಲ್ಲ, ಪೂರ್ತಿ ಮತ್ತು ಕೊಟ್ಟುಬಿಡೋಣ ಅಂದರು. ಆ ಮಾತು ನನ್ನ ಕಿವಿಗೆ ಬಿತ್ತು. ಮುನೇಶಣ್ಣನ ಮುಖ ನನಗೆ ನೆನಪಿಲ್ಲ ಅತ್ತೆ, ಆದರೂ ಆ ಕ್ಷಣ ಅವನೇ ಕಣ್ಣ ಮುಂದೆ ಬಂದ. ಮಂಚದ ಕಂಬಿ ಹಿಡಿದುಕೊಂಡು ಹೇಳಿದೆ: "ನನಗೆ ಗ್ಯಾಸ್ ಕೊಡಬಾರದು. ಫೈಲ್ ನೋಡಿ." ಅಷ್ಟರಲ್ಲಿ ಡಾಕ್ಟರ್ ಅಸ್ಮಾ ಕೆಂಪು ಚೀಟಿ ಅವರ ಮುಂದೆ ಹಿಡಿದು, ನಳಿಕೆ ಆಗಲೇ ಇದೆ, ಔಷಧ ಹಾಕಿದ್ದೀನಿ, ನೀವು ರೆಡಿ ಆಗುವಷ್ಟರಲ್ಲಿ ಇವರೂ ರೆಡಿ ಅಂದರು. ದನಿ ಏರಿಸಲಿಲ್ಲ. ಹೊಟ್ಟೆ ಚಿವುಟಿ ಚಿವುಟಿ ನೋಡಿದರು. ಎದೆಯ ಕೆಳಗೆ ಎಲ್ಲೂ ನೋವಿರಲಿಲ್ಲ. ಶುರುಮಾಡಿ ಅಂದರು.

ನಾನು ಎಚ್ಚರವಾಗೇ ಇದ್ದೆ. ತಲೆಯ ಹತ್ತಿರ ಒಬ್ಬ ನರ್ಸು ಆಗಾಗ ನನ್ನ ಟೆಂಪರೇಚರ್ ಗಟ್ಟಿಯಾಗಿ ಓದುತ್ತಿದ್ದರು. ಮೂವತ್ತಾರು ಪಾಯಿಂಟ್ ಎಂಟು. ಮೂವತ್ತಾರು ಪಾಯಿಂಟ್ ಎಂಟು. ಮೂವತ್ತಾರು ಪಾಯಿಂಟ್ ಏಳು. ಫ್ಯಾರನ್‌ಹೀಟ್‌ನಲ್ಲಿ ತೊಂಬತ್ತೆಂಟು, ಜ್ವರವೇ ಇಲ್ಲ. ಇಷ್ಟು ವರ್ಷ ಅಂಕಿಗಳ ಜೊತೆ ಬದುಕಿದ್ದೀನಿ, ಇಷ್ಟು ಚೆಂದದ ಅಂಕಿ ಕೇಳಿರಲಿಲ್ಲ. ಆಮೇಲೆ ಮಗು ಅತ್ತಿತು. ಎರಡು ಕೆ.ಜಿ. ಒಂಬೈನೂರು.

ಅಪ್ಪ ಅಷ್ಟು ಹೊತ್ತೂ ಥಿಯೇಟರ್ ಬಾಗಿಲಲ್ಲಿ ನಿಂತೇ ಇದ್ದರಂತೆ. ಕೂತ್ಕೊಳ್ಳಿ ಅಂತ ಶರತ್ ಎಷ್ಟು ಹೇಳಿದರೂ ಕೂರಲಿಲ್ಲವಂತೆ. ಮಗುವನ್ನು ಕೈಗೆ ಕೊಟ್ಟಾಗ ಮೊದಲು ಹಣೆ ಮುಟ್ಟಿ ನೋಡಿದರಂತೆ.

ಮಗುವಿನ ರಕ್ತವನ್ನು ಮುಂದೆ ನೋಡುತ್ತಾರೆ. ಅಲ್ಲಿಯವರೆಗೆ ಇದೆ ಅಂತಲೇ ಇಟ್ಟುಕೊಂಡು ನಡೆಯುತ್ತೀವಿ. ಕಷ್ಟವೇನಿಲ್ಲ.

ನಿಮ್ಮ ಮೊಮ್ಮಗಳ ಪರವಾಗಿಯೂ ನಮಸ್ಕಾರ.
ನಯನಾ

•

ಸಿಂಗಾಪುರ
8 ಡಿಸೆಂಬರ್ 2024

ಅಕ್ಕನಿಗೆ ಗಂಗ ಬರೆಯೋದು.

ನಾನು ಕಾಗದ ಬರೆದು ಅಭ್ಯಾಸ ಇಲ್ಲ. ತಪ್ಪಿದ್ರೆ ಸರಿ ಮಾಡ್ಕೊಂಡು ಓದು.

ನಯನಾನ ಥಿಯೇಟರ್ ಒಳಕ್ಕೆ ತಗೊಂಡು ಹೋದಾಗ ನನಗೆ ಹೊರಗಡೆ ನಿಂತ್ಕೊಳ್ಳೋದು ಅಂದ್ರೇನು ಅಂತ ಗೊತ್ತಾಯ್ತು. ಅರ್ಧ ಗಂಟೇನೂ ಆಗಿರ್ಲಿಲ್ಲ. ನೀನು ಅವತ್ತು ಎರಡೂವರೆ ಗಂಟೆ ಕೂತಿದ್ದೆ. ಅದಕ್ಕೇ ಬರೀತಿದೀನಿ.

ಮುನೇಶನಿಗೆ ನೋವು ಗೊತ್ತಾಗಿಲ್ಲ ಅಕ್ಕ. ಮತ್ತಲ್ಲೇ ಇದ್ದ. ಡಾಕ್ಟ್ರು ನನಗೆ ಎರಡು ಸಲ ಹೇಳಿದ್ರು. ಅವನ ಕಂಕುಳಲ್ಲಿ, ಕುತ್ತಿಗೆ ಹತ್ರ ಐಸ್ ಇಡೋದು, ಕರಗ್ತಿದ್ದಂಗೆ ಬೇರೆ ಇಡೋದು, ಇದೇ ನನ್ನ ಕೆಲ್ಸ. ಅವನಿಗೆ ಕಿವಿ ಕೇಳಿಸ್ತದಾ ಸಾರ್ ಅಂತ ಕೇಳ್ದೆ. ಹೇಳಕ್ಕಾಗಲ್ಲ, ಕೇಳಿಸಿದ್ರೂ ಕೇಳಿಸ್ಬೋದು ಅಂದ್ರು. ಹಂಗಾದ್ರೆ ಸುಮ್ನೆ ಇರಬಾರ್ದು ಅಂತ ಮಾತಾಡ್ದೆ. ಏನು ಮಾತಾಡ್ಲಿ? ನನಗೇನೂ ತೋಚ್ಲಿಲ್ಲ. ನಿಮ್ಮಮ್ಮ ಹೊರಗೇ ಅವ್ಳೆ ಕಣೋ ಅಂದೆ. ಬಾಗಿಲ ಎದುರಿನ ಬೆಂಚಿನ ಮೇಲೆ ಕೂತವ್ಳೆ, ಹಸಿರು ಸೀರೆ ಉಟ್ಕೊಂಡವ್ಳೆ, ನಿಂಗೆ ಅಂತ ಚಿತ್ರಾನ್ನ ಮಾಡ್ಕೊಂಡು ಬಂದವ್ಳೆ, ಡಬ್ಬಿ ತೊಡೆ ಮೇಲೆ ಇಟ್ಕೊಂಡವ್ಳೆ, ಎಲ್ಲೂ ಹೋಗಿಲ್ಲ ಅಂದೆ. ಅದನ್ನೇ ತಿರುಗಿ ತಿರುಗಿ ಹೇಳ್ದೆ. ಕೊನೇವರೆಗೂ ಅವನ ಕಿವೀಲಿ ನಿನ್ನ ಮಾತೇ ಇತ್ತು.

ಇಷ್ಟೇ. ಇದು ಬಿಟ್ರೆ ಮುಚ್ಚಿಟ್ಟಿದ್ದು ಏನೂ ಇಲ್ಲ.

ಬುಧವಾರ ಹತ್ತು ಗಂಟೆಗೆ ನಿನಗೂ ಶಿಲ್ಪಂಗೂ ರಕ್ತ ತಗೊಳ್ಳಕ್ಕೆ ಡಾಕ್ಟ್ರಮ್ಮ ಬರಕ್ಕೆ ಹೇಳವ್ರೆ. ನಾನೇ ಕಾರು ತರ್ತೀನಿ. ಒಂಬತ್ತಕ್ಕೆ ನಿಮ್ಮ ಗೇಟ್ ಹತ್ರ ನಿಂತಿರ್ತೀನಿ.

ತಮ್ಮ
ಮುನಿಗಂಗಪ್ಪ

•

ಸೋಲದೇವನಹಳ್ಳಿ
9 ಡಿಸೆಂಬರ್ 2024

ಗಂಗ,

ನಿನ್ನ ಕಾಗ್ದ ಶರತ್ ತಂದು ಕೊಟ್ಟ. ಅವನ ಕೈಲೇ ಇದನ್ನ ಕಳಿಸ್ತಿದೀನಿ. ಮೂರು ಸಲ ಓದ್ದೆ, ನಾಕನೇ ಸಲ ಶಿಲ್ಪಂಗೆ ಓದಿ ಹೇಳ್ದೆ. ಇಬ್ರೂ ಅತ್ಬಿಟ್ಟೋ. ಅಳಕ್ಕೆ ಇಷ್ಟು ವರ್ಸ ಬೇಕಾಯ್ತು.

ಗೇಟ್ ಹತ್ರ ಯಾಕೆ ನಿಲ್ತೀಯ? ಎಂಟು ಗಂಟೆಗೇ ಬಾ. ಒಳಕ್ಕೆ ಬಾ. ರೊಟ್ಟಿ ತಟ್ಟಿರ್ತೀನಿ, ತಿಂದ್ಕೊಂಡು ಓಗಾನ. ಲೈಬಾನೂ ನಿನ್ನ ನೋಡ್ಬೇಕಂತೆ, ಕಾಲೇಜಿಗೆ ಅರ್ಧ ದಿನ ರಜಾ ಹಾಕವ್ಳೆ.

ರಕ್ತ ಕೊಟ್ಟ ಮೇಲೆ ಸೀದಾ ಸಿಂಗಾಪುರಕ್ಕೆ ನಡಿ. ಮಗೀಗೆ ಎಣ್ಣೆ ನೀರು ಹಾಕೋದು ಈ ಕಾಲದ ಹುಡ್ಗೀರಿಗೆ ಬರಲ್ಲ. ನಾಕು ದಿನ ಅಲ್ಲೇ ಇರ್ತೀನಿ ಅಂತ ನಿನ್ನ ಎಂಡ್ತಿಗೆ ಈಗ್ಲೇ ಹೇಳ್ಬಿಡು.

ಅಕ್ಕ